ಒತ್ತುವ ಗುಂಡಿ

ಗುಂಡಿ ಎಂದರೆ ಬಳ್ಳಾರಿಯವರಾದ ನಮಗೆ ಮೊದಲು ನೆನಪಾಗುವುದು ಜೀನ್ಸಿನ ಗುಂಡಿ. ಅದನ್ನು ಹೊಲಿದೇ ಹೊಟ್ಟೆ ಹೊರೆಯುವ ಹೆಂಗಸರು ಈ ಊರಲ್ಲಿ ಎಷ್ಟೋ ಮಂದಿ. ಮಿಕ್ಸಿಗೆ, ಕರೆಗಂಟೆಗೆ ಒತ್ತುವ ಗುಂಡಿಗಳೂ ಮನೆತುಂಬ ಇವೆ. ಆದರೆ ಲೆಕ್ಕಕ್ಕೂ ಒಂದು ಗುಂಡಿ ಬೇಕೆಂದು ನಾನು ತಿಳಿದದ್ದು ಸಿರುಗುಪ್ಪದ ಅಕ್ಕನ ಮನೆಯಲ್ಲಿ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತಲ್ಲ, ಆ ವರ್ಷದ ಮಾತು. ತಾತ್ಕಾಲಿಕ ಗೇಟು ಕೂತು ನೀರು ನಿಂತರೂ ರೈತರ ಎದೆಯ ಭಯ ಇಳಿದಿರಲಿಲ್ಲ. ಎರಡನೇ ಬೆಳೆಗೂ ಭತ್ತವನ್ನೇ ಹಾಕುವುದೋ ಬೇಡವೋ ಎಂಬುದೇ ಮನೆಮನೆಯ ಪ್ರಶ್ನೆ.

ಅಕ್ಕನ ಮಗಳು ಕಂಪ್ಯೂಟರ್ ಓದಿದವಳು. ಜುಪಿಟರ್ ನೋಟ್‌ಬುಕ್ ಎಂಬುದರಲ್ಲಿ ಈ ಲೆಕ್ಕ ಬರೆದಿದ್ದಳು. ಪರದೆಯ ಮೇಲಿನ ಪುಸ್ತಕ ಅದು. ಮಾತು, ಲೆಕ್ಕ, ಚಿತ್ರ ಒಂದರ ಕೆಳಗೊಂದು ಇರುತ್ತವೆ. ಜೂಲಿಯಾ, ಪೈಥಾನ್, ಆರ್ ಎಂಬ ಕಂಪ್ಯೂಟರ್ ಭಾಷೆಗಳನ್ನು ಕೂಡಿಸಿ ಕಟ್ಟಿದ ಹೆಸರಂತೆ. ಕಾಲುವೆ ನೀರು ಎಷ್ಟು ದಿನ, ಭತ್ತದ ದರ ಎಷ್ಟು, ಕೂಲಿ ಎಷ್ಟು ಎಂದು ಒಂದೊಂದಕ್ಕೂ ಎಳೆಯುವ ಪಟ್ಟಿ. ಭಾವ ದರದ ಪಟ್ಟಿಯನ್ನು ಚೂರು ಎಳೆದರೆ ಸಾಕು, ದಾರಿಯಲ್ಲಿ ಸಿಕ್ಕ ಪ್ರತಿ ಅಂಕಿಗೂ ಯಂತ್ರ ಸಾವಿರ ಸಲ ಲೆಕ್ಕ ಹಾಕಲು ಹೊರಟು ಏದುಸಿರು ಬಿಡುತ್ತಿತ್ತು.

“ಕುರುಗೋಡು ಮಾವನ ಮೋಟಾರಿನಂಗೆ ಆತು ನೋಡು” ಎಂದಳು ಅಕ್ಕ. ಅಲ್ಲಿರುವುದು ಆಟೋ ಸ್ಟಾರ್ಟರ್. ನಡುರಾತ್ರಿ ಕರೆಂಟು ಬಂದರೂ ಸರಿ, ಹೊಲಕ್ಕೆ ಬೇಕಿರಲಿ ಬೇಡದಿರಲಿ, ನೀರು ಎತ್ತತೊಡಗುತ್ತದೆ.

ಮಗಳು ನಕ್ಕು, ಪಟ್ಟಿಗಳ ಕೆಳಗೆ ಒಂದು ಗುಂಡಿ ಕೂರಿಸಿದಳು. “ಇನ್ನ ಎಷ್ಟು ಎಳೆದಾಡಿದ್ರೂ ಸುಮ್ನಿರ್ತದೆ ಚಿಕ್ಕಮ್ಮಾ. ಒತ್ತಿದಾಗ ಮಾತ್ರ ಒಂದೇ ಸಲ ಲೆಕ್ಕ.” ಇದರಲ್ಲೂ ಒಂದು ತೊಡಕಿದೆ. ಅಂಕಿ ಬದಲಿಸಿ ಗುಂಡಿ ಒತ್ತದಿದ್ದರೆ ಹಳೆಯ ಉತ್ತರವೇ ಹೊಸದರಂತೆ ಕೂತಿರುತ್ತದೆ. ಅದಕ್ಕೇ ಪಟ್ಟಿ ಅಲುಗಿದೊಡನೆ ಹಳೆಯ ಉತ್ತರ ಅಳಿಸಿಹೋಗುವಂತೆ ಮಾಡಿದಳು.

ನಾವು ಹೆಂಗಸರು ಗುಂಡಿಯಿಲ್ಲದ ಲೆಕ್ಕದವರು, ಅಲ್ಲವೇ? ಊಟಕ್ಕೆ ಇಬ್ಬರು ಹೆಚ್ಚು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅಕ್ಕಿ, ಹಾಲು, ಹಾಸಿಗೆ ಎಂದು ಒಳಗೆ ಓಡತೊಡಗುತ್ತದೆ. ಬರುವವರು ಬಾರದಿದ್ದರೂ ದಣಿವು ಮಾತ್ರ ನಮ್ಮದೇ. ಅಷ್ಟು ಲೆಕ್ಕ ಹಾಕುವವರನ್ನು ಹೊಲದ ಲೆಕ್ಕಕ್ಕೆ ಮಾತ್ರ ಯಾರೂ ಕರೆಯುವುದಿಲ್ಲ. ಬಿತ್ತನೆಯ ಸಾಲಕ್ಕೆ ಬ್ಯಾಂಕಿಗೆ ಹೋಗಬೇಕಾದದ್ದು ಅಕ್ಕನ ನಾಲ್ಕು ಬಳೆಗಳು.

“ಅಮ್ಮಾ, ನೀನೇ ಒತ್ತು” ಎಂದಳು ಮಗಳು. ಅಕ್ಕ ಕೂಡಲೇ ಒತ್ತಲಿಲ್ಲ. ನೀರಿನ ಪಟ್ಟಿಯನ್ನು ಹತ್ತು ದಿನ ಹಿಂದಕ್ಕೆಳೆದಳು. ಕೂಲಿಯ ಪಟ್ಟಿಯನ್ನು ಮುಂದಕ್ಕೆ ಸರಿಸಿದಳು. ನಾಟಿ ಹೆಂಗಸರ ಕೈಗೆ ದುಡ್ಡು ಎಣಿಸಿ ಕೊಡುವವಳು ಅವಳೇ. ಅಷ್ಟು ಹೊತ್ತೂ ಯಂತ್ರ ಸುಮ್ಮನೆ ಕಾದಿತ್ತು, ಭಾವನೂ ಕಾದರು. ಆಮೇಲೆ ಒತ್ತಿದಳು.

ಸಾವಿರದಲ್ಲಿ ಮುನ್ನೂರು ಚಿಲ್ಲರೆ ಸಲ ನಷ್ಟ ಎಂದಿತು ಪರದೆ. ಭಾವ ಗಲ್ಲ ಕೆರೆದುಕೊಂಡರು. “ಅರ್ಧಕ್ಕೆ ಭತ್ತ, ಅರ್ಧಕ್ಕೆ ಕಡಲೆ” ಎಂದಳು ಅಕ್ಕ. ಹಾಗೇ ಆಯಿತು. ಬಳೆಗಳಲ್ಲಿ ಎರಡು ಮಾತ್ರ ಬ್ಯಾಂಕಿಗೆ ಹೋದವು, ಎರಡು ಕೈಯಲ್ಲೇ ಉಳಿದವು.