ಪೆನ್‌ಡ್ರೈವ್ ಮುನಿಸಿಕೊಂಡಾಗ

ಮೊದಲೆಲ್ಲ ಮದುವೆಯ ಆಲ್ಬಂ ಬೀರುವಿನಲ್ಲಿರುತ್ತಿತ್ತು, ಜಾತಕಗಳು ಟ್ರಂಕಿನ ತಳದಲ್ಲಿ, ಹಿರಿಯರ ಹಾಡುಗಳು ಅವರ ಬಾಯಲ್ಲೇ. ಈಗ ಇವೆಲ್ಲ ಹೆಬ್ಬೆರಳಿನಷ್ಟಿರುವ ಪೆನ್‌ಡ್ರೈವಿನೊಳಗೆ ಸೇರಿಕೊಂಡಿವೆ. ನಿಮ್ಮ ಮನೆಯಲ್ಲೂ ಸೂಜಿ-ದಾರದ ಡಬ್ಬಿಯಲ್ಲೋ, ದೇವರ ಮನೆಯ ಗೂಡಿನಲ್ಲೋ ಒಂದಾದರೂ ಇದ್ದೀತು, ಅಲ್ಲವೇ? ಅದು ಸರಿಯಿರುವ ತನಕ ಯಾರೂ ಅದರ ಯೋಚನೆ ಮಾಡುವುದಿಲ್ಲ. ಒಂದು ದಿನ ಮುನಿಸಿಕೊಂಡಿತೋ, ಮನೆಮಂದಿಗೆಲ್ಲ ದಿಗಿಲು.

ನಮ್ಮ ಪೆನ್‌ಡ್ರೈವಿನಲ್ಲಿ ಅತ್ತೆಯವರ ಹಾಡುಗಳಿದ್ದವು. ಆರತಿ ಹಾಡು, ಉರುಟಣೆ ಹಾಡು, ತೊಟ್ಟಿಲ ಹಾಡು, ಎಲ್ಲ ಸೇರಿ 23. ನಾದಿನಿ ತನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ ತುಂಬಿಸಿ ಕೊಟ್ಟಿದ್ದಳು. ಆ ಫೋನು ಈಗಿಲ್ಲ, ಅತ್ತೆಯವರೂ ಇಲ್ಲ. ಯುಗಾದಿಗೆ ಬಂದಿದ್ದ ನಾದಿನಿಯ ಮಗ ನಮ್ಮ ಕಂಪ್ಯೂಟರಿನಿಂದ ಅದೇ ಪೆನ್‌ಡ್ರೈವಿಗೆ ಮದುವೆಯ ವಿಡಿಯೋ ಹಾಕಿದ. ಪರದೆಯ ಮೇಲೆ ಕೆಲಸ ಮುಗಿಯಿತೆಂದು ಕಂಡದ್ದೇ ತಡ, ಬಸ್ಸಿಗೆ ಹೊತ್ತಾಯಿತು ಅಂತ ಕಿತ್ತಿಟ್ಟು ಹೊರಟೇಬಿಟ್ಟ. ಮಾರನೆಯ ದಿನ ನೋಡಿದರೆ ವಿಡಿಯೋ ಅರ್ಧಕ್ಕೇ ನಿಂತಿತು. ಅಳಿಸಲು ಹೋದರೆ ‘ರೀಡ್ ಓನ್ಲಿ’ ಎಂಬ ಉತ್ತರ. ಅಂದರೆ ಓದಬಹುದು, ಬರೆಯುವ ಹಾಗಿಲ್ಲ, ಅಳಿಸುವ ಹಾಗೂ ಇಲ್ಲ.

“ಫಾರ್ಮ್ಯಾಟ್ ಮಾಡಿಸಿಬಿಡಿ ಅಕ್ಕಾ, ಹೊಸದರ ಹಾಗಾಗುತ್ತೆ” ಎಂದ ಅಂಗಡಿಯ ಹುಡುಗ. ಹೊಸದರ ಹಾಗಾಗುತ್ತದೆ ನಿಜ. ಹೊಸದರಲ್ಲಿ ಅತ್ತೆಯವರ ದನಿ ಎಲ್ಲಿಂದ ಬರಬೇಕು, ಹೇಳಿ?

ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಮಗ ಉಬುಂಟು ಹಾಕಿಕೊಟ್ಟಿದ್ದಾನೆ. ಅದು ಲಿನಕ್ಸ್‌ನ ಒಂದು ರೂಪ. ಲಿನಕ್ಸನ್ನು ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ. ಅದರ ಒಳಗುಟ್ಟನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಪಕ್ಕದ ಮನೆಯಾಕೆ ಸಾರಿನಪುಡಿಯ ಅಳತೆಯನ್ನು ಬಚ್ಚಿಡದೆ ಹೇಳಿಕೊಟ್ಟ ಹಾಗೆ ಅಂತಿಟ್ಟುಕೊಳ್ಳಿ. ಮಗ ಫೋನಿನಲ್ಲಿ ಹೇಳುತ್ತಾ ಹೋದ, ನಾನು ಒಂದೊಂದಾಗಿ ಮಾಡುತ್ತಾ ಹೋದೆ. ಆಗ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಗಿರಣಿಯಲ್ಲಿ ಗೋಧಿ ಸುರಿದ ಮಾತ್ರಕ್ಕೆ ಹಿಟ್ಟು ಡಬ್ಬಕ್ಕೆ ಬಿದ್ದ ಹಾಗಲ್ಲ, ಹೌದೇ? ಇಲ್ಲೂ ಅಷ್ಟೇ. ಕಂಪ್ಯೂಟರು ಮೊದಲು ಎಲ್ಲವನ್ನೂ ತನ್ನ ನೆನಪಿಗೆ ತುಂಬಿಕೊಂಡು, ಆಮೇಲೆ ನಿಧಾನವಾಗಿ ಪೆನ್‌ಡ್ರೈವಿಗೆ ಇಳಿಸುತ್ತದೆ. ನಡುವೆ ಕಿತ್ತರೆ ಯಾವ ಫೈಲು ಎಲ್ಲಿದೆ ಎಂಬ ಲೆಕ್ಕದ ಪಟ್ಟಿ ಅರ್ಧಂಬರ್ಧ ಆಗುತ್ತದೆ. ಲೆಕ್ಕ ತಾಳೆಯಾಗದ್ದು ಕಂಡಾಗ ಲಿನಕ್ಸ್ ಬರೆಯುವುದನ್ನೇ ನಿಲ್ಲಿಸಿಬಿಡುತ್ತದೆ. ಇದ್ದದ್ದೂ ಕೆಡಬಾರದಲ್ಲ, ಅದಕ್ಕೆ. ‘ರೀಡ್ ಓನ್ಲಿ’ ಅನ್ನುವುದು ಎಷ್ಟೋ ಸಲ ಇಂಥ ಕಾವಲು ಅಷ್ಟೇ. ಮೊದಲೇ ಇಳಿದು ಕೂತಿದ್ದ ಹಳೆಯ ಫೈಲುಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ.

ಇನ್ನು ಮಾಡಬೇಕಾದದ್ದು ಕೇಳಿ.

1. ಪೆನ್‌ಡ್ರೈವ್ ಕಾಣಿಸದೇ ಇದ್ದರೆ ಬೇರೆ ಕಿಂಡಿಗೆ ಹಾಕಿ ನೋಡಿ. ದೊಡ್ಡ ಕಂಪ್ಯೂಟರಾದರೆ ಹಿಂಬದಿಯ ಕಿಂಡಿ ಮೇಲು. ಮುಂಬದಿಯದು ಒಳಗೆ ವೈರಿನ ಮೂಲಕ ಸೇರಿರುತ್ತದೆ, ಅದು ಸಡಿಲವಾಗಿರಬಹುದು.

2. ಆಗಲೂ ಕಾಣದಿದ್ದರೆ ‘ಟರ್ಮಿನಲ್’ ತೆರೆದು ಎಲ್, ಎಸ್, ಬಿ, ಎಲ್, ಕೆ ಎಂಬ ಐದು ಇಂಗ್ಲಿಷ್ ಸಣ್ಣಕ್ಷರಗಳನ್ನು ಒತ್ತಾಗಿ ಬರೆದು ಎಂಟರ್ ಒತ್ತಿ. ಕಂಪ್ಯೂಟರಿಗೆ ಸೇರಿರುವ ಡಿಸ್ಕುಗಳ ಪಟ್ಟಿ ಬರುತ್ತದೆ. ಅಳತೆ ನೋಡಿದರೆ ನಿಮ್ಮದು ಯಾವುದೆಂದು ಗೊತ್ತಾಗುತ್ತದೆ. 16 ಜಿಬಿಯದು 14.5ರ ಆಸುಪಾಸು ಕಂಡರೆ ಗಾಬರಿ ಬೇಡ, ಎಣಿಸುವ ಕ್ರಮ ಬೇರೆ. ಅಳತೆಯ ಜಾಗದಲ್ಲಿ ಸೊನ್ನೆ ಇದ್ದರೆ, ಅಥವಾ ಯಾವ ಕಿಂಡಿಯಲ್ಲೂ ಅದರ ಸಾಲೇ ಬರದಿದ್ದರೆ, ದೋಷ ಹೆಚ್ಚಾಗಿ ಪೆನ್‌ಡ್ರೈವಿನೊಳಗೇ ಇದೆ.

3. ತೆರೆದುಕೊಂಡಿತೋ, ರಿಪೇರಿಯ ಮಾತು ಆಮೇಲೆ. ಮೊದಲು ಬೇಕಾದ ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ಕಾಪಿ ಮಾಡಿ, ಒಂದೆರಡು ತೆರೆದು ನೋಡಿ.

4. ಅನಂತರ ‘ಡಿಸ್ಕ್ಸ್’ ಎಂಬ ಪ್ರೋಗ್ರಾಂ ತೆರೆದು, ಎಡಗಡೆ ಪೆನ್‌ಡ್ರೈವಿನ ಹೆಸರು ಆರಿಸಿ, ಚೌಕದ ಗುರುತು ಒತ್ತಿ ಅನ್‌ಮೌಂಟ್ ಮಾಡಿ. ಹಲ್ಲುಚಕ್ರದ ಗುರುತಿನಲ್ಲಿ ‘ರಿಪೇರ್ ಫೈಲ್‌ಸಿಸ್ಟಮ್’ ಎಂದಿರುತ್ತದೆ, ಅದನ್ನು ಒತ್ತಿ. ಅದರ ಹತ್ತಿರದಲ್ಲೇ ‘ಫಾರ್ಮ್ಯಾಟ್’ ಕೂಡ ಇದೆ, ಹುಷಾರು! ಅವಸರದಲ್ಲಿ ಕೈಹಾಕಬೇಡಿ.

5. ತೆಗೆಯುವಾಗ ಪ್ರತಿಸಲವೂ ಫೈಲುಗಳ ಕಿಟಕಿಯಲ್ಲಿ ಅದರ ಹೆಸರಿನ ಪಕ್ಕದ ಎಜೆಕ್ಟ್ ಗುರುತು ಒತ್ತಿ. ತೆಗೆಯಬಹುದು ಎಂಬ ಮಾತು ಪರದೆಯ ಮೇಲೆ ಬರುವ ತನಕ ಕಾಯಿರಿ. ಕುಕ್ಕರಿನ ಒತ್ತಡ ಇಳಿಯುವ ಮೊದಲು ಮುಚ್ಚಳ ತೆಗೆಯುತ್ತೇವೆಯೇ?

ನಮ್ಮ ಮನೆಯ 23 ಹಾಡುಗಳೂ ಸಿಕ್ಕಿದವು. ಉರುಟಣೆ ಹಾಡಿನ ನಡುವೆ ಅತ್ತೆಯವರು ಕೆಮ್ಮಿ, “ನೀರು ಕೊಡೇ” ಅನ್ನುವುದೂ ಹಾಗೇ ಇದೆ. ವಿಡಿಯೋ ಮಾತ್ರ ಹೋಯಿತು. ಅದರ ಇನ್ನೊಂದು ಪ್ರತಿ ಮದುವೆಮನೆಯವರಲ್ಲಿ ಇದ್ದೇ ಇತ್ತು.

ಕೊನೆಯದಾಗಿ ಒಂದು ಮಾತು. ಪೆನ್‌ಡ್ರೈವ್ ಅನ್ನುವುದು ತಿಜೋರಿಯಲ್ಲ, ಸಾಮಾನು ಸಾಗಿಸುವ ಕೈಚೀಲ. ವರ್ಷಗಟ್ಟಲೆ ಮೂಲೆಯಲ್ಲಿಟ್ಟರೆ ಅದರೊಳಗೆ ಬರೆದದ್ದು ತಾನಾಗಿಯೇ ಮಾಸಲೂಬಹುದು. ಕಳೆದುಕೊಳ್ಳಬಾರದಂಥದ್ದು ಏನಿದ್ದರೂ ಕಡೇಪಕ್ಷ ಎರಡು ಕಡೆ ಇರಲಿ. ಒಂದು ನಿಮ್ಮಲ್ಲಿ, ಇನ್ನೊಂದು ತವರಿನಲ್ಲೋ ಮಗಳ ಮನೆಯಲ್ಲೋ. ಮತ್ತೆ, ಯಾರೇ “ಫಾರ್ಮ್ಯಾಟ್ ಮಾಡಿಬಿಡಿ” ಅಂದರೂ, “ಒಳಗಿರುವುದನ್ನು ಮೊದಲು ತೆಗೆದುಕೊಡಪ್ಪಾ” ಎಂದು ಕೇಳುವುದಕ್ಕೆ ಸಂಕೋಚಪಡಬೇಡಿ.