ಕುದುರೆಯ ಉಪ್ಪಿನ ಋಣ

ಉಂಡವನು ಉಪ್ಪಿನ ಋಣವನ್ನು ಮರೆಯಬಾರದೆಂಬುದು ಹಿರಿಯರ ಮಾತು. ಈ ನೀತಿಯು ಮನುಷ್ಯರಿಗೆ ಮಾತ್ರ ಸಲ್ಲತಕ್ಕುದಲ್ಲ. ಒಡೆಯನಿಗಾಗಿ ಓಡುವ ಕುದುರೆಯು ತನ್ನ ಮೈಯೊಳಗಿನ ಉಪ್ಪನ್ನೇ ಬೆವರಾಗಿ ಸುರಿಸುವುದು. ಅದನ್ನು ಹಿಂದಿರುಗಿಸುವ ಹೊಣೆ ಒಡೆಯನದು.

ಪೂರ್ವಿಕರು ಇದನ್ನರಿತಿದ್ದರು. ಮೈಸೂರಿನ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣದಲ್ಲಿ, ಉತ್ತಮಾಶ್ವಕ್ಕೆ ಎರಡು ದ್ರೋಣ ಧಾನ್ಯ, ಒಂದು ಪ್ರಸ್ಥ ಸ್ನೇಹಪದಾರ್ಥ, ಐದು ಪಲ ಲವಣವೆಂದು ವಿಧಿಸಿದೆ. ಧಾನ್ಯದ ಲೆಕ್ಕದೊಡನೆ ಉಪ್ಪಿನ ಲೆಕ್ಕವನ್ನೂ ಬರೆದಿಟ್ಟ ಆ ದೃಷ್ಟಿಯು ಕೊಂಡಾಡತಕ್ಕದ್ದು.

ಇಂದಿನ ಪಶುವೈದ್ಯಶಾಸ್ತ್ರವು ಕಾರಣವನ್ನೂ ಬಿಡಿಸಿ ಹೇಳುತ್ತದೆ. ಮನುಷ್ಯನ ಬೆವರು ರಕ್ತದಷ್ಟು ಉಪ್ಪಲ್ಲ. ಆದಕಾರಣ ಬೆವರಿದಂತೆಲ್ಲ ರಕ್ತದಲ್ಲಿ ಉಪ್ಪಿನ ಅಂಶವು ಹೆಚ್ಚಿ ಬಾಯಾರುವುದು. ಕುದುರೆಯ ಬೆವರಾದರೋ ರಕ್ತದಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ, ಲವಣಯುಕ್ತವಾದುದು. ನೀರೂ ಉಪ್ಪೂ ಜತೆಯಾಗಿ ಹೋಗುವುದರಿಂದ, ಮೈ ಬತ್ತಿದರೂ ನೀರಡಿಕೆಯು ಹುಟ್ಟದೆ ಇರಬಹುದು. ಬಿಸಿಲಿನ ದೀರ್ಘ ಓಟದಲ್ಲಿ ಗಂಟೆಗೆ ೧೦ರಿಂದ ೧೫ ಲೀಟರಿನಷ್ಟು ಬೆವರು ಹರಿಯುವುದುಂಟು.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ೧೯೫೫ರಲ್ಲಿ ಮೊದಲಾದ ಟೆವಿಸ್ ಕಪ್ ಎಂಬ ಸವಾರಿಯಲ್ಲಿ ೨೪ ಗಂಟೆಗಳೊಳಗೆ ೧೦೦ ಮೈಲಿಗಳನ್ನು ಕ್ರಮಿಸಬೇಕು. ಇಂಥ ಸವಾರಿಗಳಲ್ಲಿ ವೈದ್ಯರು ನಡುನಡುವೆ ಕುದುರೆಯನ್ನು ತಡೆದು, ನಾಡಿ ನೋಡಿ, ಚರ್ಮವನ್ನು ಚಿವುಟಿ, ವಸಡನ್ನು ಒತ್ತಿ ಪರೀಕ್ಷಿಸುವರು. ಲವಣಗಳು ಮಿತಿಮೀರಿ ಸೋರಿದ ಕುದುರೆಯ ಪಕ್ಕೆಯು ಹೃದಯದ ಬಡಿತಕ್ಕೆ ಸರಿಯಾಗಿ ಅದುರತೊಡಗುವುದುಂಟು. ಅದನ್ನು ಕಂಡೂ ಓಡಿಸುವುದು ನಿರ್ದಯೆ.

ಪರಿಹಾರವೇನೂ ದುಬಾರಿಯಲ್ಲ. ೫೦೦ ಕಿಲೋಗ್ರಾಂ ತೂಕದ ಕುದುರೆಗೆ ದುಡಿಮೆಯಿಲ್ಲದ ದಿನವೂ ಸುಮಾರು ೨೫ ಗ್ರಾಂ ಅಡಿಗೆಯುಪ್ಪು ಬೇಕು. ಬೆವರಿದ ದಿನ ಇನ್ನೂ ಹೆಚ್ಚು. ಹುಲ್ಲಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಸಾಲದು; ಹುರುಳಿಯಾಗಲಿ ಓಟ್ಸಾಗಲಿ ಆ ಕೊರತೆಯನ್ನು ತುಂಬಲಾರವು. ಬಲ ಬರಲೆಂದು ಧಾನ್ಯವನ್ನೇ ಸುರಿದರೆ ಹೊಟ್ಟೆಶೂಲೆಯೂ ಗೊರಸಿನ ಉರಿಯೂತವೂ ಬರಬಹುದು. ಹುಲ್ಲೇ ಅದರ ಮುಖ್ಯಾನ್ನ. ಬತ್ತಿದ ಕುದುರೆಯ ಬಾಯಿಗೆ ನೀರಿಲ್ಲದೆ ಉಪ್ಪನ್ನು ತುರುಕುವುದೂ ಅಪಾಯವೇ; ಅದು ಮೈಯೊಳಗಿನ ನೀರನ್ನು ಕರುಳಿಗೆ ಸೆಳೆಯುವುದು. ಓಟ ಮುಗಿದೊಡನೆ ಮೊದಲು ತುಸು ಉಪ್ಪು ಬೆರೆಸಿದ ನೀರನ್ನೂ ಬಳಿಕ ಬರಿಯ ನೀರನ್ನೂ ಇಟ್ಟರೆ ಕುದುರೆಯು ಹೆಚ್ಚು ಕುಡಿಯುವುದೆಂದು ಪ್ರಯೋಗಗಳಿಂದ ತಿಳಿದಿದೆ. ಇದನ್ನು ಮನೆಯಲ್ಲಿಯೇ ಮೊದಲು ರೂಢಿ ಮಾಡಿಸಬೇಕು.

ಹಸಿದ ಮಗು ಅಳುವುದು. ದಣಿದ ಆಳು ಕೇಳುವನು. ತನ್ನ ನೀರಡಿಕೆಯೇ ತನಗೆ ತಿಳಿಯದ ಮೂಕಪ್ರಾಣಿಯು ಏನೆಂದು ಕೇಳೀತು? ಕೇಳಲಾರದುದರ ಋಣವನ್ನು ತಾನೇ ಲೆಕ್ಕವಿಟ್ಟು ತೀರಿಸುವವನಿಗೇ ಒಡೆಯನೆಂಬ ಹೆಸರು ಒಪ್ಪುವುದು.