ಹಾಲು ಬಂದರೆ ಕವಳಿ

1970ರ ದಶಕದಲ್ಲಿ ಹುಬ್ಬಳ್ಳಿಯ ಉಣಕಲ್ಲಿನ ಹುಡುಗರಾದ ನಮಗೆ ನೃಪತುಂಗ ಬೆಟ್ಟ ಬರೀ ‘ಗುಡ್ಡ’. ಕೆಂಪು ಗರಸು, ಒಣಹುಲ್ಲು, ನಡುನಡುವೆ ಮುಳ್ಳುಕಂಟಿ. ಮೇ ತಿಂಗಳಲ್ಲಿ ಹತ್ತುತ್ತಿದ್ದದ್ದು ಕವಳಿಹಣ್ಣಿಗಾಗಿ.

ಮುಳ್ಳಿದ್ದದ್ದೆಲ್ಲ ಕವಳಿಯಲ್ಲ. ದನ ಕಾಯುವ ಮುದುಕರೊಬ್ಬರ ಪರೀಕ್ಷೆ ಸರಳ: ‘ಎಲಿ ಕಿತ್ತು ನೋಡೋ ತಮ್ಮಾ, ಹಾಲು ಬಂದ್ರ ಕವಳಿ.’ ಕಾರೆಗಿಡಕ್ಕೂ ಜೋಡಿ ಎಲೆ, ಜೋಡಿ ಮುಳ್ಳು ಇರುತ್ತವೆ. ಹಾಲಿಲ್ಲ, ಹಣ್ಣು ಹಳದಿ. ಕವಳಿಯ ಎಲೆ ದಪ್ಪ, ಮೇಲೆ ಹೊಳಪು. ಕೆಲವು ಮುಳ್ಳುಗಳು ಕವಲೊಡೆದಿರುತ್ತವೆ. ಬೇಸಿಗೆಯ ಮೊದಲಿಗೆ ಮಲ್ಲಿಗೆಯಂಥ ಬಿಳಿ ಹೂ, ಆಮೇಲೆ ಕಾಯಿ ಕೆಂಪಾಗಿ, ಕಪ್ಪಾಗಿ ಮಾಗುತ್ತದೆ. ಕಣಗಿಲೆಯ ಕುಟುಂಬದ ಗಿಡವಿದು. ವಿಷದ ಮನೆತನದಲ್ಲಿ ತಿನ್ನುವ ಹಣ್ಣು ಹುಟ್ಟಿದ್ದು ನನಗೆ ಈಗಲೂ ಸೋಜಿಗ.

ಆ ಕಾಲ ಬಲು ಚಂದವಿತ್ತು ಎನ್ನಲಾರೆ. ಅರೆಮಾಗಿದ್ದು ತಿಂದರೆ ತುಟಿಗೆ ಅಂಟು, ಅಂಗಿಯ ಕಲೆಗೆ ಮನೆಯಲ್ಲಿ ಏಟು. ಗಿಡದ ಮೇಲೆ ಯಾರಿಗೂ ಮಮತೆಯಿರಲಿಲ್ಲ. ಹೊಲದ ಬೇಲಿಗೆ ಕಡಿದು ಒಯ್ಯುತ್ತಿದ್ದರು. ಬುಡ ಮತ್ತೆ ಚಿಗುರುತ್ತಿತ್ತು, ಮುಳ್ಳಿಗೆ ಹೆದರಿ ದನ ಬಿಡುತ್ತಿದ್ದವು. ತೆಳುಮಣ್ಣು, ಕಲ್ಲು, ಧಾರಾಳ ಬಿಸಿಲು ಇಷ್ಟಿದ್ದರೆ ಅದಕ್ಕೆ ಸಾಕು.

ಈಗ ಬೆಟ್ಟ ಉದ್ಯಾನ. ಕಾಲುದಾರಿ, ಬೆಂಚು, ನೆಟ್ಟು ಬೆಳೆಸಿದ ಮರಗಳು. ಬೆಳಗಿನ ವಾಕಿಂಗಿಗೆ ನಾನೂ ಅಲ್ಲಿಗೇ ಹೋಗುವವನು, ನೆರಳನ್ನು ದೂರುವುದಿಲ್ಲ. ಆದರೆ ಹಸಿರು ಬೆಳೆಸಲು ಹೊರಟವರ ಲೆಕ್ಕದಲ್ಲಿ ಮುಳ್ಳುಕಂಟಿಯ ಜಾಗ ಯಾವಾಗಲೂ ಪಾಳುಭೂಮಿ. ಅಲ್ಲಿ ಮೊದಲೇ ಏನು ಬೆಳೆದಿತ್ತೆಂದು ಕೇಳುವವರಿಲ್ಲ. ಹೊರವಲಯದ ಬಯಲುಗಳಲ್ಲಿ ಕಾಣುವುದು ಲಂಟಾನ. 19ನೇ ಶತಮಾನದ ಆರಂಭದಲ್ಲಿ ಅಂದಕ್ಕೆಂದು ಕೋಲ್ಕತ್ತದ ಸಸ್ಯೋದ್ಯಾನಕ್ಕೆ ತಂದ ಅಮೆರಿಕ ಖಂಡದ ಗಿಡ. ಎಲೆ ಒರಟು, ಉಜ್ಜಿದರೆ ಘಾಟು. ಮುದುಕರ ಪರೀಕ್ಷೆಯಲ್ಲಿ ಅದೂ ನಪಾಸು.

ಹಣ್ಣೇನೂ ಪೇಟೆಗೆ ತಪ್ಪಿಲ್ಲ. ಧಾರವಾಡದ ಪಶ್ಚಿಮಕ್ಕೆ ಅರೆಮಲೆನಾಡಿನ ಅಂಚಿನಲ್ಲಿ ಕವಳಿಗೆ ಇನ್ನೂ ನೆಲೆಯಿದೆ. ಕಲಘಟಗಿ, ಅಳ್ನಾವರ ಕಡೆಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತಂದು ಮಾರುತ್ತಾರೆ. ಮೊಮ್ಮಗಳಿಗೆ ಒಂದು ಕೊಟ್ಟೆ, ಹುಳಿ ಎಂದು ಉಗುಳಿದಳು. ಅದೇ ಹುಡುಗಿ ಕೇಕಿನ ಮೇಲಿನ ಕೆಂಪು ಚೆರ್ರಿಗೆ ತಮ್ಮನ ಜೊತೆ ಜಗಳಕ್ಕೆ ನಿಲ್ಲುತ್ತಾಳೆ. ನಮ್ಮ ಬೇಕರಿಗಳಲ್ಲಿ ಚೆರ್ರಿ ಎಂದು ಕೊಡುವುದು ಎಷ್ಟೋ ಸಲ ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿದ ಕವಳಿಕಾಯಿಯೇ.